ಪುತ್ತರಿ ಹೊತ್ತಿಗೆ ಕೊಡಗಿನಲ್ಲಿ ಐದು ದಿನ

ಮೊದಲ ದಿನ: ಮೈಸೂರಿನಿಂದ ಮಡಿಕೇರಿಗೆ

1990ರಲ್ಲಿ ನಾನು ಕೊಡಗಿನಲ್ಲಿ 18 ದಿನ ಇದ್ದೆ. ಆದರೂ ಕೊಡಗು ನೋಡಿದ್ದೇನೆ ಅಂತ ಹೇಳಿಕೊಳ್ಳಲು ಮನಸ್ಸು ಬರುತ್ತಿರಲಿಲ್ಲ. ಅದು ನನ್ನ ಮೊದಲ ಸಿನಿಮಾ. ನನಗೆ ಹತ್ತೊಂಬತ್ತು. ಬೆಳಿಗ್ಗೆ ಐದಕ್ಕೆ ಮೇಕಪ್, ಆರೂವರೆಗೆ ವ್ಯಾನು, ಕತ್ತಲಾದ ಮೇಲೆ ಮತ್ತೆ ಲಾಡ್ಜು. ಊಟ ಯೂನಿಟ್ಟಿನದು, ಮಾತು ಯೂನಿಟ್ಟಿನವರದು. ಒಂದು ಮನೆಯ ಹೊಸಿಲು ದಾಟಲಿಲ್ಲ. ಊರಿನ ಒಬ್ಬರ ಹೆಸರೂ ಕೇಳಲಿಲ್ಲ.

ಹೋದ ಡಿಸೆಂಬರ್‌ನಲ್ಲಿ ಮತ್ತೆ ಹೋದೆ. ಈ ಸಲ ಜೊತೆಗೆ ಮಗಳು. ಅವಳಿಗೂ ಈಗ ಹತ್ತೊಂಬತ್ತೇ. ಹುಟ್ಟಿ ಬೆಳೆದದ್ದೆಲ್ಲ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ. ಅವಳಪ್ಪ ಡಚ್ಚರು. ಅವಳ ಕನ್ನಡ ನನ್ನಿಂದ ಮತ್ತು ಮೈಸೂರಿನ ಅಜ್ಜಿಯ ಫೋನಿನಿಂದ ಬಂದದ್ದು. ಊಟ, ಜ್ವರ, ಜಗಳ, ಮುದ್ದು, ಇವಕ್ಕೆಲ್ಲ ಅವಳ ಹತ್ತಿರ ಮಾತಿದೆ. ಅದರಾಚೆ ಹೋದರೆ ತಡವರಿಸುತ್ತಾಳೆ.

ಕರೆದವಳು ನನ್ನ ಡ್ಯಾನ್ಸ್ ಕ್ಲಾಸಿನ ಗೆಳತಿ. ಮೈಸೂರಿನಲ್ಲಿ ಒಬ್ಬರೇ ಮೇಡಂ ಹತ್ತಿರ ಒಂಬತ್ತು ವರ್ಷ ಭರತನಾಟ್ಯ ಕಲಿತವರು ನಾವು. ರಂಗಪ್ರವೇಶ ಆದ ಮೇಲೆ ಅವಳು ಮದುವೆಯಾಗಿ ನಾಪೋಕ್ಲು ಕಡೆಗೆ ಬಂದಳು. ನಾನು ಸಿನಿಮಾಕ್ಕೆ ಹೋದೆ. "ಪುತ್ತರಿಗೆ ಬಾರೇ, ಎಷ್ಟು ವರ್ಷದಿಂದ ಕರೀತಿದ್ದೀನಿ?" ಅಂದಳು. ಈ ಸಲ ನನ್ನ ಹತ್ತಿರ ನೆಪ ಇರಲಿಲ್ಲ. ಮೈಸೂರಿನಲ್ಲಿ ನಾವು ಹುತ್ತರಿ ಅನ್ನುತ್ತೇವೆ. ಹೊಸ ಭತ್ತವನ್ನು ಮನೆ ತುಂಬಿಸಿಕೊಳ್ಳುವ ಹಬ್ಬ.

ಹುಣಸೂರು, ಪಿರಿಯಾಪಟ್ಟಣ ದಾಟಿ ಬೈಲುಕುಪ್ಪೆಯಲ್ಲಿ ನಿಂತೆವು. 1960ರ ದಶಕದ ಶುರುವಿನಲ್ಲಿ ಟಿಬೆಟ್ ಬಿಟ್ಟು ಬಂದವರು ಕಾಡು ಕಡಿದು ಕಟ್ಟಿಕೊಂಡ ಊರು ಇದು. ನಾಮ್‌ಡ್ರೋಲಿಂಗ್ ಮಠದ ದೊಡ್ಡ ಬುದ್ಧನ ಮೂರ್ತಿಗಳನ್ನು ನೋಡಿ ಹೊರಗೆ ಬಂದಾಗ ಮಗಳಿಗೆ ಹಸಿವು. ಒಂದು ಸಣ್ಣ ಅಂಗಡಿಯಲ್ಲಿ ಮೊಮೊ ಕೇಳಿದಳು, ತನ್ನ ತಡೆತಡೆದ ಕನ್ನಡದಲ್ಲಿ. ಅಂಗಡಿಯ ಟಿಬೆಟನ್ ಹೆಂಗಸು ನೀರಿನ ಹಾಗೆ ಕನ್ನಡದಲ್ಲಿ ಉತ್ತರ ಕೊಟ್ಟರು. "ಖಾರದ ಚಟ್ನಿ ಜಾಸ್ತಿ ಹಾಕ್ಲಾ? ನಿಂಗೆ ತಡೆಯುತ್ತಾ ಪುಟ್ಟಿ?" ಮಗಳು ನನ್ನ ಮುಖ ನೋಡಿದಳು. ಆಮೇಲೆ ಅವರನ್ನೇ ಕೇಳಿದಳು, "ಆಂಟಿ, ನಿಮ್ಮ ಊರು ಯಾವುದು?"

"ಬೈಲುಕುಪ್ಪೆ. ಇನ್ಯಾವುದು?"

ಕಾರಿನಲ್ಲಿ ಕೂತ ಮೇಲೆ ಬಹಳ ಹೊತ್ತು ಅವಳು ಮಾತಾಡಲಿಲ್ಲ. ಅವಳಿಗೆ ಹೇಗ್‌ನಲ್ಲಿ ಬಸ್ ಸ್ಟಾಪಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದರೆ, "ಹೇಗ್" ಅಂದ ಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತೆ. ಅದು ನನಗೆ ಗೊತ್ತು. ಕುಶಾಲನಗರದ ಹತ್ತಿರ ಕಾವೇರಿ ಸೇತುವೆ ದಾಟಿ, ಸುಂಟಿಕೊಪ್ಪದ ಮೇಲೆ ಹತ್ತಿದಂತೆ ಚಳಿ ಶುರುವಾಯಿತು. ತೋಟದಲ್ಲಿ ಕಾಫಿ ಹಣ್ಣು ಕೆಂಪಗಾಗಿತ್ತು. ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ತಬ್ಬಿಕೊಂಡಿತ್ತು.

ಎರಡನೇ ದಿನ: ಮಡಿಕೇರಿ, ಅಬ್ಬಿ

ಬೆಳಿಗ್ಗೆ ಕೋಟೆಗೆ ಹೋದೆವು. ಅರಮನೆಯ ಮುಂದಿನ ಎರಡು ಆನೆಗಳ ಹತ್ತಿರ ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಗಳಿಗೆ ನಾನು ಗೌರಮ್ಮನ ಕಥೆ ಹೇಳಿದೆ. ಈ ಕಥೆಯನ್ನು ಅವಳಿಗೆ ಇಲ್ಲೇ ಹೇಳಬೇಕು ಅಂತ ಇಟ್ಟುಕೊಂಡಿದ್ದೆ.

1834ರಲ್ಲಿ ಇಂಗ್ಲಿಷರು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ, ಕಡೆಗೆ ಕಾಶಿಯಲ್ಲಿ ಇರಿಸಿದರು. ಅವನ ಮಗಳು ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. 1852ರಲ್ಲಿ ಅಪ್ಪ ಅವಳನ್ನು ಲಂಡನ್ನಿಗೆ ಕರೆದೊಯ್ದ. ಹನ್ನೊಂದು ವರ್ಷದ ಹುಡುಗಿಗೆ ಅಲ್ಲಿ ಕ್ರೈಸ್ತ ದೀಕ್ಷೆ ಆಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಆಸ್ಥಾನದ ಚಿತ್ರಕಾರನಿಂದ ಅವಳ ಚಿತ್ರ ಬರೆಸಿದಳು. ಆ ಚಿತ್ರದಲ್ಲಿ ಗೌರಮ್ಮ ಮೈತುಂಬ ನಮ್ಮ ಕಡೆಯ ಒಡವೆ ಹಾಕಿಕೊಂಡಿದ್ದಾಳೆ, ಕೈಯಲ್ಲಿ ಬೈಬಲ್ ಇದೆ. ಇಂಗ್ಲಿಷ್ ಸೈನ್ಯಾಧಿಕಾರಿಯೊಬ್ಬನನ್ನು ಮದುವೆಯಾದಳು. 1864ರಲ್ಲಿ ತೀರಿಕೊಂಡಳು. ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ.

"ಅಂದ್ರೆ ಅವಳು ಕೊಡಗು ನೋಡೇ ಇಲ್ವಾ ಅಮ್ಮ?"

"ಇಲ್ಲ ಕಂದ."

ಮಗಳು ಆನೆಯ ಸೊಂಡಿಲಿನ ಮೇಲೆ ಕೈಯಿಟ್ಟು ನಿಂತಳು. ಆ ಚಿತ್ರ ನೆನೆದಾಗಲೆಲ್ಲ ನನಗೆ ಒಂದೇ ಯೋಚನೆ. ಆ ಒಡವೆಗಳನ್ನು ಅವತ್ತು ಬೆಳಿಗ್ಗೆ ಯಾರು ತೊಡಿಸಿದರು? ಹೇಗೆ ನಿಲ್ಲಬೇಕು ಅಂತ ಯಾರು ಹೇಳಿಕೊಟ್ಟರು? ಬೇರೆಯವರು ಉಡಿಸಿದ ಬಟ್ಟೆಯಲ್ಲಿ, ಬೇರೆಯವರು ತೋರಿಸಿದ ಜಾಗದಲ್ಲಿ ಅಲುಗಾಡದೆ ನಿಲ್ಲೋದು ಎಂಥದ್ದು ಅಂತ ನಟಿಯರಿಗೆ ಗೊತ್ತು.

ಮಧ್ಯಾಹ್ನ ಅಬ್ಬಿ ಜಲಪಾತ. ಮಡಿಕೇರಿಯಿಂದ ಏಳೆಂಟು ಕಿಲೋಮೀಟರ್. ತೋಟದ ನಡುವೆ ಮೆಟ್ಟಿಲು ಇಳಿದು ಹೋಗಬೇಕು. ನೀರಿನ ಸದ್ದು ಮೊದಲು ಕೇಳುತ್ತೆ, ಆಮೇಲೆ ಮುಖಕ್ಕೆ ತುಂತುರು ಹೊಡೆಯುತ್ತೆ, ಕೊನೆಗೆ ಜಲಪಾತ ಕಾಣುತ್ತೆ. ಇದೇ ನೀರಿನ ಮುಂದೆ ನಾನು ನನ್ನ ಮೊದಲ ಹಾಡಿಗೆ ಕುಣಿದದ್ದು.

ಮಗಳು ಕೇಳಿದಳು, ಹೇಗಿತ್ತು ಅಂತ. ಹೇಳಲು ಹೋದರೆ ಎಲ್ಲ ಒಂದೊಂದಾಗಿ ಬಂತು. ಒಂದು ಹಾಡು ಅಂದರೆ ನಾಲ್ಕೂವರೆ ನಿಮಿಷ. ಅದನ್ನು ಮೂರು ದಿನ ಚೂರು ಚೂರು ಮಾಡಿ ತೆಗೆಯುತ್ತಿದ್ದರು. ನಾಗ್ರಾ ಯಂತ್ರದಲ್ಲಿ ಹಾಡಿನ ಒಂದು ಸಾಲು ಹಾಕುತ್ತಾರೆ. ಡ್ಯಾನ್ಸ್ ಮಾಸ್ಟರ್ ಕ್ಯಾಮೆರಾ ಪಕ್ಕ ನಿಂತು ಎಣಿಸುತ್ತಾರೆ. ನಾಲ್ಕು ಹೆಜ್ಜೆ, ಕಟ್. ಆಮೇಲೆ ಕಾಲು ಗಂಟೆ ರಿಫ್ಲೆಕ್ಟರ್ ಸರಿಸುತ್ತಾರೆ. ಮೋಡ ಬಂದರೆ ಕಾಯಬೇಕು. ಮತ್ತೆ ನಾಲ್ಕು ಹೆಜ್ಜೆ. 400 ಅಡಿ ಫಿಲ್ಮಿನ ಒಂದು ಮ್ಯಾಗಜಿನ್‌ನಲ್ಲಿ ನಾಲ್ಕೂವರೆ ನಿಮಿಷದಷ್ಟೂ ನೆಗೆಟಿವ್ ಇರುತ್ತಿರಲಿಲ್ಲ. ತಪ್ಪಿದರೆ ದುಡ್ಡು ಹೋಯಿತು ಅಂತ ಪ್ರೊಡಕ್ಷನ್‌ನವರ ಮುಖ ಸಣ್ಣಗಾಗುತ್ತಿತ್ತು. ಒಂಬತ್ತು ವರ್ಷ ಭರತನಾಟ್ಯದ ಒಂದು ವರ್ಣವನ್ನು ಮುಕ್ಕಾಲು ಗಂಟೆ ನಿಲ್ಲಿಸದೆ ಮಾಡಲು ಕಲಿತ ಹುಡುಗಿ ನಾನು. ನಾಲ್ಕು ಹೆಜ್ಜೆಗೆ ನಿಲ್ಲಿಸೋದು ನನಗೆ ಬರುತ್ತಿರಲಿಲ್ಲ. ಕಟ್ ಅಂದ ಮೇಲೂ ಐದನೆಯ ಹೆಜ್ಜೆಗೆ ಕಾಲು ಹೋಗಿಬಿಡುತ್ತಿತ್ತು.

ಇನ್ನೊಂದು ಸಂಗತಿ ಇದೆ. ಇದನ್ನು ನಾನು ನನ್ನ ಗಂಡನಿಗೂ ಹೇಳಿರಲಿಲ್ಲ. ಬಂಡೆಯೆಲ್ಲ ಪಾಚಿ, ಸಂದಿಯಲ್ಲಿ ಜಿಗಣೆ. ನಾನು ಬರಿಗಾಲಿನಲ್ಲಿ ನಿಂತಿದ್ದೆ. ಹಾಡು ಶುರುವಾಗುವ ಮುಂಚೆ ಬಗ್ಗಿ ಭೂಮಿಗೆ ನಮಸ್ಕಾರ ಮಾಡಲು ಹೋದೆ, ಕ್ಲಾಸಿನಲ್ಲಿ ಮಾಡಿದ ಹಾಗೆ. ಭೂಮಿಯನ್ನು ತುಳಿಯುತ್ತೇವಲ್ಲ, ಅದಕ್ಕೆ ಕ್ಷಮೆ ಕೇಳೋದು. ಮಾಸ್ಟರ್ ಒಳ್ಳೆಯವರೇ. ನನ್ನ ಒಳ್ಳೆಯದಕ್ಕೇ ಹೇಳಿದರು. "ಕಾಲು ಫ್ರೇಮಲ್ಲಿ ಇಲ್ಲಮ್ಮ. ಸೊಂಟದಿಂದ ಮೇಲೆ ಅಷ್ಟೇ. ಚಪ್ಪಲಿ ಹಾಕ್ಕೋ, ಜಾರ್ತೀಯ." ಯಾರೋ ಒಂದು ಜೊತೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ತಂದುಕೊಟ್ಟರು. ನನ್ನ ಕಾಲಿಗಿಂತ ಎರಡು ಬೆರಳು ದೊಡ್ಡದು. ಅದನ್ನೇ ಮೆಟ್ಟಿಕೊಂಡು ಕುಣಿದೆ. ನಮಸ್ಕಾರ ಮಾಡಲಿಲ್ಲ. ಚಪ್ಪಲಿ ಹಾಕಿಕೊಂಡು ಯಾವ ಬಾಯಲ್ಲಿ ನಮಸ್ಕಾರ ಮಾಡಲಿ?

ಸಿನಿಮಾ ಬಂದಾಗ ಮೈಸೂರಿನ ಟಾಕೀಸಿನಲ್ಲಿ ಅಪ್ಪ ಅಮ್ಮನ ಜೊತೆ ಕೂತು ನೋಡಿದೆ. ಜನ ಶಿಳ್ಳೆ ಹೊಡೆದರು. ಅಮ್ಮ ಕೈ ಹಿಡಿದುಕೊಂಡರು. ತೆರೆಯ ಮೇಲಿನ ಹುಡುಗಿ ಚೆಂದ ಇದ್ದಳು. ನನಗೆ ಮಾತ್ರ ಚೌಕಟ್ಟಿನ ಕೆಳಗಿನ ಆ ನೀಲಿ ಪಟ್ಟಿಯೇ ಕಾಣುತ್ತಿತ್ತು.

ಸಿನಿಮಾದ ಮೇಲೆ ನನಗೆ ಕೋಪ ಇಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಒಂಬತ್ತು ವರ್ಷದಲ್ಲಿ 14 ಸಿನಿಮಾ ಮಾಡಿದೆ, ಕನ್ನಡದಲ್ಲಿ ಒಂಬತ್ತು, ತಮಿಳಿನಲ್ಲಿ ನಾಲ್ಕು, ತೆಲುಗಿನಲ್ಲಿ ಒಂದು. ಆ ದುಡ್ಡಿನಲ್ಲಿ ಅಪ್ಪನ ಸಾಲ ತೀರಿತು, ತಮ್ಮ ಎಂಜಿನಿಯರಿಂಗ್ ಓದಿದ. ತಮಿಳು ಸಿನಿಮಾದಲ್ಲಿ ನನ್ನ ದನಿ ಬೇರೊಬ್ಬರದು. ಮದ್ರಾಸಿನ ಆ ಡಬ್ಬಿಂಗ್ ಕಲಾವಿದೆಯನ್ನು ಒಂದೇ ಒಂದು ಸಲ ನೋಡಿದೆ. ಅವರು ನನ್ನ ಕೈ ಹಿಡಿದು, "ನೀವು ಅಳೋದು ನನಗೆ ತುಂಬ ಇಷ್ಟ, ಉಸಿರು ಎಳೆಯೋ ಜಾಗ ಸರಿಯಾಗಿ ಗೊತ್ತಾಗುತ್ತೆ" ಅಂದರು. ನನ್ನ ಕೆಲಸದ ಬಗ್ಗೆ ಯಾರೂ ಅಷ್ಟು ಹತ್ತಿರದಿಂದ ಮಾತಾಡಿರಲಿಲ್ಲ.

ಇಪ್ಪತ್ತೆಂಟಕ್ಕೆ ಅತ್ತಿಗೆ ಪಾತ್ರಗಳು ಬರತೊಡಗಿದವು. ಅದೇ ವರ್ಷ ಒಂದು ನೃತ್ಯೋತ್ಸವಕ್ಕೆ ಅಂತ ಹೇಗ್‌ಗೆ ಹೋದೆ. ಲೈಟ್ ಮಾಡಲು ಬಂದವನು ನನ್ನ ಕಾಲಿಗೆ ಬೇರೆ ಲೈಟ್ ಬೇಕಾ ಅಂತ ಕೇಳಿದ. ಅವನನ್ನೇ ಮದುವೆಯಾದೆ.

ಮೂರನೇ ದಿನ: ಭಾಗಮಂಡಲ, ತಲಕಾವೇರಿ, ಸಂಜೆ ನಾಪೋಕ್ಲು

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುತ್ತವೆ. ಭಾಗಂಡೇಶ್ವರ ದೇವಸ್ಥಾನಕ್ಕೆ ಕೇರಳದ ಕಡೆಯ ಮಾಡು. ಅಲ್ಲಿಂದ ತಲಕಾವೇರಿಗೆ ಎಂಟು ಕಿಲೋಮೀಟರ್ ಏರು. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋದ ಜಾಗದ ಕಡೆ ಡ್ರೈವರ್ ಕೈ ತೋರಿಸಿದರು. ಆಮೇಲೆ ಯಾರೂ ಮಾತಾಡಲಿಲ್ಲ. ಕೊಳದ ಹತ್ತಿರ ಗಾಳಿ ಜೋರಾಗಿತ್ತು. ಮಗಳು ಒಂದು ಚೆಂಬು ತೀರ್ಥ ತಲೆಗೆ ಹಾಕಿಕೊಂಡು ನಡುಗಿದಳು.

ಕಾವೇರಿಯ ಕಥೆ ಅವಳಿಗೆ ಗೊತ್ತಿತ್ತು. ಅಗಸ್ತ್ಯರ ಕಮಂಡಲದಿಂದ ನದಿಯಾಗಿ ಹರಿದು ಹೋದವಳು. ಬಲಮುರಿಯಲ್ಲಿ ಜನ ಅಡ್ಡ ನಿಂತು ಹೋಗಬೇಡ ಅಂದರಂತೆ. ಆ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತಂತೆ. ಅದಕ್ಕೇ ಕೊಡವ ಹೆಂಗಸರು ಇವತ್ತಿಗೂ ನೆರಿಗೆ ಹಿಂದೆ ಉಡುತ್ತಾರೆ, ಸೆರಗು ಬಲ ಭುಜಕ್ಕೆ ತಂದು ಕಟ್ಟುತ್ತಾರೆ. ನನ್ನ ಮೊದಲ ಸಿನಿಮಾದಲ್ಲಿ ಒಂದು ಸಾಲಿಗೆ ನನಗೂ ಈ ಸೀರೆ ಉಡಿಸಿದ್ದರು. ಸೆರಗು ಸರಿಯಾಗಿಯೇ ಇತ್ತು. ನೆರಿಗೆ ಮಾತ್ರ ಮುಂದೆ. ಹಿಂದೆ ಇದ್ದರೆ ಕ್ಯಾಮೆರಾಗೆ ತುಂಬಿದ ಹಾಗೆ ಕಾಣಲ್ಲ ಅಂತ ಕಾಸ್ಟ್ಯೂಮಿನವರು ಹೇಳಿದರು. ನೋಡುತ್ತ ನಿಂತಿದ್ದ ಊರಿನ ಹೆಂಗಸರಲ್ಲಿ ಒಬ್ಬರನ್ನು ಕರೆದು ಕೇಳಬಹುದಿತ್ತು. ನಾನೂ ಕೇಳಲಿಲ್ಲ.

ಹೇಗ್‌ನಲ್ಲಿ ನಾನು 20 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನನ್ನ ಹುಡುಗಿಯರಲ್ಲಿ ಸುರಿನಾಮ್ ಮೂಲದವರೇ ಜಾಸ್ತಿ. 1873ರಲ್ಲಿ ಲಾಲಾ ರೂಖ್ ಅನ್ನೋ ಹಡಗಿನಿಂದ ಶುರುವಾಗಿ, ಕಲ್ಕತ್ತೆಯಿಂದ ದಕ್ಷಿಣ ಅಮೆರಿಕದ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದವರ ವಂಶ. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಹೊತ್ತಿಗೆ ಬಹಳ ಜನ ನೆದರ್‌ಲ್ಯಾಂಡ್ಸ್‌ಗೆ ಬಂದರು. ಐದು ತಲೆಮಾರು ಆಗಿದೆ. ಮನೆಯಲ್ಲಿ ಸರ್ನಾಮಿ ಭಾಷೆ, ಶಾಲೆಯಲ್ಲಿ ಡಚ್, ಅಜ್ಜಿಯ ಟೀವಿಯಲ್ಲಿ ಹಿಂದಿ ಸಿನಿಮಾ. ಒಮ್ಮೆ ಕೃಷ್ಣನ ಪದ ಹೇಳಿಕೊಡುವಾಗ ಒಬ್ಬ ಹುಡುಗಿ ಕೇಳಿದಳು, "ಟೀಚರ್, ಬೆಣ್ಣೆ ಕಡೆಯೋದು ಅಂದ್ರೆ ಏನು?" ಅವಳು ಬೆಣ್ಣೆಯನ್ನು ಕಾಗದದಲ್ಲಿ ಸುತ್ತಿದ್ದು ಮಾತ್ರ ನೋಡಿದ್ದಳು. ಮುಂದಿನ ಸಲ ಮೈಸೂರಿಗೆ ಬಂದಾಗ ಒಂದು ಕಡೆಗೋಲು ಕೊಂಡುಕೊಂಡು ಹೋದೆ. ಕ್ಲಾಸಿನಲ್ಲಿ ಮೊಸರು ಇಟ್ಟು, ಒಬ್ಬೊಬ್ಬರ ಕೈಗೂ ಹಗ್ಗ ಕೊಟ್ಟೆ. ಬೆಣ್ಣೆ ತೇಲಿದಾಗ ಒಬ್ಬಳು ಅತ್ತಳು. ಅದಾದ ಮೇಲೆ ಅವರ ಅಭಿನಯದಲ್ಲಿ ಭುಜ ಬೇರೆ ಥರ ಓಡಾಡತೊಡಗಿತು.

ದೂರದಿಂದ ಬಂದು ಕಲಿಯೋದು ನಮ್ಮ ಮೈಸೂರು ಪದ್ಧತಿಗೆ ಹೊಸದೇನಲ್ಲ ಅಂತ ಅವರಿಗೆ ಹೇಳುತ್ತಿರುತ್ತೇನೆ. ಆಸ್ಥಾನ ವಿದುಷಿ ಕೆ. ವೆಂಕಟಲಕ್ಷಮ್ಮ ಲಂಬಾಣಿ ತಾಂಡದಲ್ಲಿ ಹುಟ್ಟಿದವರು. ಮೈಸೂರಿಗೆ ಬಂದು ಜಟ್ಟಿ ತಾಯಮ್ಮನವರ ಹತ್ತಿರ ಕಲಿತು, ಕೂತಲ್ಲೇ ಒಂದು ಪದಕ್ಕೆ ಹತ್ತಾರು ಭಾವ ತೋರಿಸುತ್ತಿದ್ದರು. 1992ರಲ್ಲಿ ಪದ್ಮಭೂಷಣ ಬಂತು. ತಾಂಡದಿಂದ ಅರಮನೆಗೆ ನಡೆದ ದೂರ ಸಣ್ಣದೇ?

ಸಂಜೆ ನಾಪೋಕ್ಲಿಗೆ ಬಂದೆವು. ಗೆಳತಿ ಚಹಾ ಕುಡಿಯಲೂ ಬಿಡದೆ ಒಂದು ಹಾಲ್‌ಗೆ ಎಳೆದುಕೊಂಡು ಹೋದಳು. ಅಲ್ಲಿ ಹತ್ತು ಹನ್ನೆರಡು ಹೆಂಗಸರು ಉಮ್ಮತ್ತಾಟ್ ಪ್ರಾಕ್ಟೀಸ್ ಮಾಡುತ್ತಿದ್ದರು. ಇಪ್ಪತ್ತರ ಹುಡುಗಿಯರಿಂದ ಎಪ್ಪತ್ತು ದಾಟಿದವರ ತನಕ. ಈ ಕುಣಿತವನ್ನು ಊರೂರಿಗೆ ಕಲಿಸಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಗೆಳತಿ ಫೋನ್ ಮಾಡಿ ಖುಷಿಯಿಂದ ಕೂಗಿದ್ದು ನೆನಪಿತ್ತು. ನೋಡಿದ್ದು ಇದೇ ಮೊದಲು.

ನಡುವೆ ಒಬ್ಬರು ಕಾವೇರಮ್ಮನಾಗಿ ಕೊಡ ಹಿಡಿದು ನಿಲ್ಲುತ್ತಾರೆ. ಅವತ್ತು ಪ್ರಾಕ್ಟೀಸ್ ಅಲ್ವಾ, ಮನೆಯ ಸ್ಟೀಲ್ ಬಿಂದಿಗೆಯೇ ಕೊಡ. ಸುತ್ತ ಉಳಿದವರು, ಕೈಯಲ್ಲಿ ಪುಟ್ಟ ಹಿತ್ತಾಳೆ ತಾಳ. ಹಾಡಿಗೆ ಬಾಗಿ, ಎಡಕ್ಕೆ ಬಲಕ್ಕೆ ತೂಗಿ, ತಾಳ ತಟ್ಟಿ, ಒಂದು ಹೆಜ್ಜೆ ಮುಂದೆ. ನೋಡಲು ಸುಲಭ. ನನ್ನನ್ನೂ ಕರೆದರು. ಭರತನಾಟ್ಯದ ಅರೆಮಂಡಿಗೆ ಒಗ್ಗಿದ ಮಂಡಿ, ಇಷ್ಟು ಹಗುರವಾಗಿ ಬಾಗು ಅಂದರೆ ಕೇಳುತ್ತಿಲ್ಲ. ಎರಡು ಸುತ್ತು ಆದ ಮೇಲೆ ಹೆಜ್ಜೆ ಹಿಡಿಯಿತು. ಆದರೂ ಏನೋ ತಪ್ಪುತ್ತಿತ್ತು. ನನ್ನ ಹಿಂದೆ ಇದ್ದ ಹಿರಿಯರು, ಗೆಳತಿಯ ಅತ್ತೆ, ಭುಜ ಮುಟ್ಟಿ ನಿಲ್ಲಿಸಿದರು.

"ನೀವು ಆ ಕಡೆ ಯಾಕೆ ನೋಡ್ತೀರಿ? ಅಲ್ಲಿ ಯಾರಿದ್ದಾರೆ?"

ನಾನು ನೋಡುತ್ತಿದ್ದದ್ದು ಬಾಗಿಲ ಕಡೆ. ಕುರ್ಚಿಗಳೆಲ್ಲ ಖಾಲಿ. ಪ್ರತಿ ಸುತ್ತಿನಲ್ಲೂ ಆ ಕಡೆ ಬಂದಾಗ ನನ್ನ ಮುಖ ತಾನಾಗಿಯೇ ಹೊರಗೆ ತಿರುಗುತ್ತಿತ್ತು, ನಗು ಬರುತ್ತಿತ್ತು, ಗಲ್ಲ ಸ್ವಲ್ಪ ಮೇಲೆ ಏಳುತ್ತಿತ್ತು. ಮೂವತ್ತು ವರ್ಷದ ಅಭ್ಯಾಸ. "ಕೊಡ ನೋಡಿ," ಅಂದರು ಆ ಹಿರಿಯರು, "ಎಲ್ಲರೂ ಅದನ್ನೇ ನೋಡೋದು." ನೋಡಿದೆ. ಸ್ಟೀಲ್ ಬಿಂದಿಗೆಯ ಹೊಟ್ಟೆಯಲ್ಲಿ ನಾವು ಅಷ್ಟೂ ಜನ ಡೊಂಕು ಡೊಂಕಾಗಿ ಸುತ್ತುತ್ತಿದ್ದೆವು. ನನ್ನ ಮುಖ ಯಾವುದು ಅಂತ ಗುರುತು ಸಿಗಲಿಲ್ಲ. ಎಷ್ಟು ಹಾಯೆನಿಸಿತು ಅಂದರೆ, ನಿಲ್ಲಿಸಲು ಮನಸ್ಸೇ ಬರಲಿಲ್ಲ.

ನಾಲ್ಕನೇ ದಿನ: ಐನ್‌ಮನೆ, ಪುತ್ತರಿ ರಾತ್ರಿ

ಗೆಳತಿಯ ಗಂಡನ ಒಕ್ಕದ, ಅಂದರೆ ವಂಶದ, ಮೂಲಮನೆಯಾದ ಐನ್‌ಮನೆ ಗದ್ದೆಯ ಅಂಚಿನ ಏರಿನ ಮೇಲಿದೆ. ಕಿರಿದಾದ ಓಣಿ ಹತ್ತಿ ಹೋದರೆ ಕಲ್ಲಿನ ಮೆಟ್ಟಿಲು, ಕೆತ್ತಿದ ಕಂಬಗಳ ಜಗಲಿ, ಕಂಬಗಳ ನಡುವೆ ಅಯ್ಮರ ಅನ್ನೋ ದಪ್ಪ ಹಲಗೆ. ನೂರಾರು ವರ್ಷ ಜನ ಕೂತು ಆ ಹಲಗೆ ಕನ್ನಡಿಯಂತೆ ನುಣುಪಾಗಿದೆ. ಒಳಗೆ ನಡುಬಾಡೆ ಅನ್ನೋ ನಡುಮನೆಯಲ್ಲಿ ತೂಗುವ ದೀಪ. ಈಗ ಅಲ್ಲಿ ವಾಸ ಇರೋದು ಒಂದೇ ಸಂಸಾರ. ಪುತ್ತರಿಗೆ ಬೆಂಗಳೂರು, ಮೈಸೂರಿನಿಂದ ಎಲ್ಲರೂ ಬರುತ್ತಾರೆ. ಅವತ್ತು ಮಧ್ಯಾಹ್ನಕ್ಕೇ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗ ಇರಲಿಲ್ಲ.

ಗೆಳತಿಯ ಅತ್ತೆ, ಆ ಅಮ್ಮ, ಅಡುಗೆಮನೆಯಲ್ಲಿ ತಂಬಿಟ್ಟು ಕಲಸುತ್ತಿದ್ದರು. ಚೆನ್ನಾಗಿ ಕಳಿತ ಬಾಳೆಹಣ್ಣು, ಹುರಿದ ಅಕ್ಕಿಯ ಹಿಟ್ಟು. ತಿನ್ನುವಾಗ ತುಪ್ಪ, ಎಳ್ಳು, ಕಾಯಿತುರಿ. ಮಗಳು ಪಕ್ಕ ಕೂತು ಪುತ್ತರಿ ಗೆಣಸು ಸುಲಿಯುತ್ತಿದ್ದಳು. ನೇರಳೆ ಬಣ್ಣ ಬೆರಳಿಗೆಲ್ಲ ಅಂಟಿತ್ತು.

"ನಿಮ್ಮ ಅಪ್ಪ ಅಮ್ಮನ ಮದುವೆ ಎಲ್ಲಿ ಆಯ್ತು?" ಅಂತ ಅಮ್ಮ ಅವಳನ್ನು ಕೇಳಿದರು. ಅವಳು ನನ್ನ ಕಡೆ ನೋಡಿದಳು. ಹೇಗ್‌ನ ನಗರಸಭೆಯಲ್ಲಿ, 20 ನಿಮಿಷದಲ್ಲಿ, ಅಂತ ಹೇಳಿದೆ. ನನ್ನ ಅಪ್ಪ ಅಮ್ಮನಿಗೆ ಆ ಹೊತ್ತಿಗೆ ಬರಲು ಆಗಿರಲಿಲ್ಲ. ಇಬ್ಬರು ಸಾಕ್ಷಿ, ಒಂದು ಸಹಿ. ಅಮ್ಮ ಕೈ ಒರೆಸಿಕೊಂಡು ತಮ್ಮ ಮದುವೆಯ ಕಥೆ ಹೇಳಿದರು. ಕೊಡವರಲ್ಲಿ ಪುರೋಹಿತರಿಲ್ಲ. ಅರುವ ಅಂದರೆ ಒಕ್ಕದ ಪರ ಮಾತಾಡುವವರು. ಹೆಣ್ಣಿನ ಕಡೆಯ ಅರುವ, ಗಂಡಿನ ಕಡೆಯ ಅರುವ ಎದುರು ನಿಂತು ಪ್ರಶ್ನೋತ್ತರ ಮಾಡುತ್ತಾರೆ. ಸಂಬಂಧ ಅಡ್‌ಕುವ ಅಂತ ಅದಕ್ಕೆ. ಹೆಣ್ಣಿನ ಹಕ್ಕನ್ನು ಕಲ್ಲಿನ ಲೆಕ್ಕದಲ್ಲಿ ಒಪ್ಪಿಸುತ್ತಾರೆ.

"ಹನ್ನೊಂದು ಕಲ್ಲು ಕೊಡ್ತಾರೆ," ಅಂದರು ಅಮ್ಮ. "ಹನ್ನೆರಡನೇದು ಕೊಡಲ್ಲ. ಅದು ತವರಲ್ಲೇ ಇರುತ್ತೆ. ನಾಳೆ ಏನಾದ್ರೂ ಆದ್ರೆ ಹುಡುಗಿ ವಾಪಸ್ ಬರಬೇಕಲ್ಲ, ಅದಕ್ಕೆ. ನನಗೆ ನಮ್ಮಮ್ಮ ಹಾಗೆ ಹೇಳಿದ್ದು."

ಮೈಸೂರಿನ ನಮ್ಮ ಮನೆಯ ಅಟ್ಟದಲ್ಲಿ ಒಂದು ಟ್ರಂಕ್ ಇದೆ. ಅದರಲ್ಲಿ ನನ್ನ ಗೆಜ್ಜೆ, ರಂಗಪ್ರವೇಶದ ಸೀರೆ. ಹೇಗ್‌ಗೆ ತೆಗೆದುಕೊಂಡು ಹೋಗು ಅಂತ ನನ್ನ ಅಮ್ಮ ಒಂದು ದಿನವೂ ಅನ್ನಲಿಲ್ಲ. ಜಾಗ ಸಾಲದು, ಮನೆ ಮಾರೋಣ ಅಂತ ತಮ್ಮ ಎರಡು ಸಲ ಹೇಳಿದಾಗಲೂ ಆ ಟ್ರಂಕ್ ಮುಟ್ಟಲು ಬಿಡಲಿಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ. ಆ ಸಂಜೆ ತೋಟದ ಅಂಚಿಗೆ ಹೋಗಿ ಸಿಗ್ನಲ್ ಹುಡುಕಿ ಅಮ್ಮನಿಗೆ ಫೋನ್ ಮಾಡಿದೆ. ಊಟ ಆಯ್ತಾ ಅಂತ ಕೇಳಿದರು. ನಾನೂ ಅದನ್ನೇ ಕೇಳಿದೆ.

ಕತ್ತಲಾದ ಮೇಲೆ ನಡುಬಾಡೆಯಲ್ಲಿ ಎಲ್ಲರೂ ಸೇರಿದರು. ಗಂಡಸರು ಕುಪ್ಯ ಅನ್ನೋ ಉದ್ದ ಅಂಗಿ ತೊಟ್ಟು, ಚೇಲೆ ಅನ್ನೋ ಕೆಂಪು ಸೊಂಟಪಟ್ಟಿ ಕಟ್ಟಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿದ್ದರು. ಐದು ಬಗೆಯ ಎಲೆ ಸೇರಿಸಿ ನೆರೆ ಅನ್ನೋ ಕಟ್ಟು ಕಟ್ಟಿದರು. ಒಬ್ಬ ಸೊಸೆ ಅಕ್ಕಿಯ ತಟ್ಟೆಯಲ್ಲಿ ದೀಪ ಹಿಡಿದು ಮುಂದೆ ನಡೆದಳು. ನಾವೆಲ್ಲ ಹಿಂದೆ. ಹುಣ್ಣಿಮೆ ಬೆಳಕು ಗದ್ದೆಯ ಮೇಲೆ ಹಾಲು ಚೆಲ್ಲಿದ ಹಾಗಿತ್ತು. ಬದುವಿನ ಮೇಲೆ ಮಂಜು ಬಿದ್ದು ಜಾರುತ್ತಿತ್ತು. ಎಲ್ಲರೂ ಚಪ್ಪಲಿ ಅಂಗಳದಲ್ಲೇ ಬಿಟ್ಟಿದ್ದರು. ನಾನೂ ಬಿಟ್ಟಿದ್ದೆ. ಮಣ್ಣು ಎಷ್ಟು ತಣ್ಣಗಿತ್ತು ಅಂದರೆ, ಹಿಮ್ಮಡಿಯಿಂದ ಬೆನ್ನಿನ ತನಕ ಚಳಿ ಹತ್ತಿತು.

ಗದ್ದೆಯಲ್ಲಿ ಹಾಲು ಎರೆದರು. ಹೊತ್ತು ಬಂತು ಅಂದ ಕೂಡಲೇ ಕೋವಿ ಸಿಡಿಯಿತು. ಮಗಳು ಬೆಚ್ಚಿ ನನ್ನ ತೋಳು ಹಿಡಿದಳು. ಆಚೆ ಬೆಟ್ಟದಿಂದ ಇನ್ನೊಂದು, ಅದರಾಚೆಯಿಂದ ಮತ್ತೊಂದು. ಊರೂರಿನ ಗದ್ದೆಯಲ್ಲಿ ಅದೇ ಗಳಿಗೆಗೆ ಕದಿರು ತೆಗೆಯುತ್ತಿದ್ದಾರೆ ಅಂತ ಸದ್ದಿನಿಂದಲೇ ಗೊತ್ತಾಗುತ್ತಿತ್ತು. "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗಿದರು. ಬೆಳೆ ಹೆಚ್ಚಲಿ ದೇವರೇ ಅಂತ. ಮೂರನೆಯ ಸಲಕ್ಕೆ ಮಗಳೂ ಕೂಗಿದಳು, ಗಂಟಲು ಬಿಚ್ಚಿ. ಅವಳ ದನಿ ಅಷ್ಟು ಜೋರಿದೆ ಅಂತ ನನಗೆ ಗೊತ್ತಿರಲಿಲ್ಲ.

ನಾನು ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಯಾರೂ ನೋಡಲಿಲ್ಲ. ಎಲ್ಲರೂ ಕದಿರನ್ನೇ ನೋಡುತ್ತಿದ್ದರು.

ಐದನೇ ದಿನ: ಮಂದ್

ಹೊರಡುವ ದಿನ. ಮಧ್ಯಾಹ್ನದ ಮೇಲೆ ಹೋಗಿ, ಕೋಲಾಟ ನೋಡಿ ಹೋಗಿ ಅಂದರು. ಮಂದ್ ಅಂದರೆ ಊರಿನವರು ಸೇರುವ ಬಯಲು. ಗಂಡಸರು ವೃತ್ತದಲ್ಲಿ ಕೋಲು ತಟ್ಟುತ್ತ ಸುತ್ತಿದರು. ಆಮೇಲೆ ಪರೆಯಕಳಿ. ಬೆತ್ತದಿಂದ ಒಬ್ಬರ ಕಾಲಿಗೆ ಒಬ್ಬರು ಹೊಡೆಯೋದು, ಮಂಡಿಯ ಕೆಳಗೆ ಮಾತ್ರ. ಏಟು ಬಿದ್ದ ಹುಡುಗ ನಗುತ್ತ ಎದುರಾಳಿಯನ್ನು ತಬ್ಬಿಕೊಂಡ.

ಬಯಲಿನ ಅಂಚಿನಲ್ಲಿ ನಿಂತಿದ್ದಾಗ ಒಬ್ಬ ಹೆಂಗಸು ಹತ್ತಿರ ಬಂದರು. ನಲವತ್ತು ದಾಟಿದವರು, ಕೈಯಲ್ಲಿ ಇಬ್ಬರು ಸಣ್ಣ ಮಕ್ಕಳು. ಪಕ್ಕದ ಅಂಗನವಾಡಿಯ ಟೀಚರ್ ಅಂತೆ. ಸ್ವಲ್ಪ ಹೊತ್ತು ಸುಮ್ನೆ ನನ್ನ ಮುಖ ನೋಡಿದರು.

"ಮೇಡಂ, ಅಬ್ಬಿಯಲ್ಲಿ ಕುಣಿದಿದ್ದು ನೀವೇ ಅಲ್ವಾ?"

ಹೌದು ಅಂದೆ. ಹಾಡಿನ ಹೆಸರು ಹೇಳುತ್ತಾರೆ ಅಂದುಕೊಂಡೆ. ಅವರು ಹಾಗೆ ಹೇಳಲಿಲ್ಲ.

"ನೀಲಿ ಚಪ್ಪಲಿ ಹಾಕ್ಕೊಂಡಿದ್ರಿ."

ನನಗೆ ಮಾತೇ ಹೊರಡಲಿಲ್ಲ. ಅವರೇ ಹೇಳಿದರು. ಆಗ ಅವರಿಗೆ ಒಂಬತ್ತು ವರ್ಷ. ಅಪ್ಪ ಅಮ್ಮ ಸೇಲಂ ಕಡೆಯಿಂದ ಬಂದು ಅಲ್ಲೇ ಹತ್ತಿರದ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇದ್ದರು. ಶೂಟಿಂಗ್ ಅಂತ ಮಕ್ಕಳೆಲ್ಲ ಶಾಲೆ ತಪ್ಪಿಸಿ ಹಗ್ಗದ ಆಚೆ ಬಂಡೆಯ ಮೇಲೆ ಕೂತು ಮೂರು ದಿನ ನೋಡಿದರು. ಅಲ್ಲಿಂದ ನನ್ನ ಕಾಲು ಚೆನ್ನಾಗಿ ಕಾಣುತ್ತಿತ್ತಂತೆ. ದೊಡ್ಡ ಚಪ್ಪಲಿಯಲ್ಲಿ ಹೆಜ್ಜೆ ಹಾಕಿದಾಗ ಟಪ್ ಟಪ್ ಅಂತ ಸದ್ದು ಬರುತ್ತಿತ್ತಂತೆ. ಸಿನಿಮಾ ಮಡಿಕೇರಿಗೆ ಬರುವ ಮುಂಚೆಯೇ ಆ ವರ್ಷದ ಸ್ಕೂಲ್ ಡೇಗೆ ಅವರು ಐದು ಹುಡುಗಿಯರು ಆ ಕುಣಿತ ಮಾಡಿಬಿಟ್ಟರು. ಹಾಡು ಪೂರ್ತಿ ಗೊತ್ತಿರಲಿಲ್ಲ. ಶೂಟಿಂಗ್‌ನಲ್ಲಿ ಯಾವ ಸಾಲಾದ ಮೇಲೆ ಯಾವ ಸಾಲು ತೆಗೆದರೋ ಅದೇ ಕ್ರಮ.

"ಒಂದು ಸಾಲು ಏಳು ಸಲ ಇತ್ತು," ಅಂದರು. "ನಾವೂ ಏಳು ಸಲ ಮಾಡಿದ್ವಿ. ಏಳನೇ ಸಲ ಕಟ್ ಅಂದ ಮೇಲೆ ನೀವು ಇನ್ನೊಂದು ಹೆಜ್ಜೆ ಹಾಕಿ ನಕ್ಕುಬಿಟ್ರಿ. ಅದೇ ನಮಗೆ ಎಲ್ಲಕ್ಕಿಂತ ಇಷ್ಟ. ಈಗಲೂ ಅಂಗನವಾಡಿ ಮಕ್ಕಳಿಗೆ ಕಲಿಸ್ತೀನಿ."

ಆ ಏಳು ಟೇಕ್ ನಾನು ಮರೆತೇಬಿಟ್ಟಿದ್ದೆ. ನಕ್ಕದ್ದು ಮೊದಲೇ ನೆನಪಿಲ್ಲ. ಆ ನಗು ಸಿನಿಮಾದಲ್ಲಿ ಇಲ್ಲ, ಎಡಿಟಿಂಗ್ ಟೇಬಲ್‌ಗೂ ಹೋಗಿರಲಾರದು. ಅವರು ಮಕ್ಕಳ ಕೈ ಬಿಟ್ಟು, ಬಯಲಿನ ಹುಲ್ಲಿನ ಮೇಲೆ ಮಾಡಿ ತೋರಿಸಿದರು. ಬಲಗೈ ಮೇಲೆ, ಎಡಕ್ಕೆ ಎರಡು ಹೆಜ್ಜೆ, ಒಂದು ತಿರುವು, ನಿಲುವು. ಮತ್ತೆ ಮೊದಲಿನಿಂದ. ಇಬ್ಬರು ಮಕ್ಕಳೂ ಪಕ್ಕದಲ್ಲಿ ಶುರು ಮಾಡಿದರು. ಐದನೆಯ ಹೆಜ್ಜೆ ಬಂದಾಗ ಮೂವರೂ ಒಟ್ಟಿಗೆ ನಕ್ಕರು. ಹತ್ತೊಂಬತ್ತು ವರ್ಷದ ನನ್ನ ನಗು ಅದು. ಕಣ್ಣು ತುಂಬಿಕೊಂಡು ನಾನು ಅಲ್ಲೇ ಹುಲ್ಲಿನ ಮೇಲೆ ಕೂತೆ.

"ನಂಗೂ ಹೇಳಿಕೊಡಿ ಟೀಚರ್," ಅಂದಳು ನನ್ನ ಮಗಳು. ಡ್ಯಾನ್ಸ್ ಅಂದರೆ ಅವಳಿಗೆ ಗೊತ್ತಿರೋದು ಒಂದೇ ರೀತಿ. ಮೊದಲು ಬಗ್ಗಿ ಚಪ್ಪಲಿಯ ಪಟ್ಟಿಗೆ ಕೈ ಹಾಕಿದಳು.

"ಬಿಚ್ಚಬೇಡಮ್ಮ," ಅಂದರು ಅವರು. "ಇದನ್ನ ಚಪ್ಪಲಿ ಹಾಕ್ಕೊಂಡೇ ಮಾಡೋದು."